ತಿಥಿಯ ಗೋಧಿಗೊಂದು ಬ್ಲಾಗ್

ಭಾನುವಾರ ಬೆಳಗಿನ ಐದು ಗಂಟೆ. ಅಥೆನ್ಸಿಗೆ ಉತ್ತರದ ವೋಲೋಸ್ ಬಂದರಿನ ಹಿಂದಿನ ನಮ್ಮ ಕೇರಿಯಲ್ಲಿ ಬ್ರೆಡ್ಡಿನ ಅಂಗಡಿ ಬಿಟ್ಟರೆ ದೀಪ ಉರಿಯುತ್ತಿರುವುದು ಅಸಿಮೀನಾ ಹಾಜೋಗ್ಲು ಅವರ ಮನೆಯಲ್ಲಿ ಮಾತ್ರ. ಊಟದ ಮೇಜು, ಸೋಫಾ, ಇಸ್ತ್ರಿ ಹಲಗೆ, ಎಲ್ಲದರ ಮೇಲೂ ಬಿಳಿ ಹತ್ತಿಬಟ್ಟೆ ಹಾಸಿದೆ. ಬಟ್ಟೆಯ ಮೇಲೆ ಬೇಯಿಸಿ ಬಸಿದ ಗೋಧಿ. ಅಸಿಮೀನಾ ಒಂದು ಹಿಡಿ ಗೋಧಿ ತೆಗೆದು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ. ಕೆನ್ನೆಗೆ ಪಸೆ ಹತ್ತಿದರೆ ಇನ್ನೂ ಅರ್ಧ ಗಂಟೆ ಫ್ಯಾನಿನ ಕೆಳಗೆ.

“ಕೈಯನ್ನ ನಂಬೋಕಾಗಲ್ಲ, ಅದು ಇಡೀ ದಿನ ನೀರಲ್ಲೇ ಇರುತ್ತೆ. ಕೆನ್ನೆಗೆ ಗೊತ್ತಾಗುತ್ತೆ,” ಎನ್ನುತ್ತಾರೆ. “ಒಂದು ತೊಟ್ಟು ನೀರು ಉಳಿದ್ರೂ ಪಾದ್ರಿ ಮಂತ್ರ ಮುಗಿಸೋ ಹೊತ್ತಿಗೆ ಮೇಲಿನ ಸಕ್ಕರೆ ಬೆವರಿ ಕೂತಿರುತ್ತೆ. ಸತ್ತವರ ಮಾನ, ನನ್ನ ಮಾನ ಎರಡೂ ಹೋಯ್ತು.”

ಅಸಿಮೀನಾ ಮಾಡುವುದು ಕೋಲಿವಾ. ಮನೆಯಲ್ಲೊಬ್ಬರು ತೀರಿಕೊಂಡ ನಲವತ್ತನೆಯ ದಿನಕ್ಕೆ, ಆಮೇಲೆ ವರ್ಷಕ್ಕೆ, ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿ ಬಂದವರಿಗೆಲ್ಲ ಪುಟ್ಟ ಕಾಗದದ ಚೀಲದಲ್ಲಿ ಹಂಚುವ ಗೋಧಿ ಅದು. ದಾಳಿಂಬೆ, ಒಣದ್ರಾಕ್ಷಿ, ಆಕ್ರೋಟು, ದಾಲ್ಚಿನ್ನಿ ಬೆರೆಸಿ ಗುಡ್ಡೆ ಮಾಡುತ್ತಾರೆ. ಅದರ ಮೇಲೆ ಹುರಿಗಡಲೆ ಪುಡಿ, ಅದರ ಮೇಲೆ ಎರಡು ಸಲ ಜರಡಿ ಹಿಡಿದ ಸಕ್ಕರೆ ಪುಡಿ. ಕೊನೆಗೆ ಸಾಸಿವೆಯಷ್ಟು ದಪ್ಪದ ಬೆಳ್ಳಿಬಣ್ಣದ ಸಕ್ಕರೆ ಗುಂಡುಗಳಲ್ಲಿ ಒಂದು ಶಿಲುಬೆ, ಕೆಳಗೆ ತೀರಿಕೊಂಡವರ ಹೆಸರಿನ ಎರಡಕ್ಷರ. ಹದಿನಾಲ್ಕು ವರ್ಷದಿಂದ ಈ ಕೇರಿಯಲ್ಲಿರುವ ನನಗೂ ಈಗ ಭಾನುವಾರವೆಂದರೆ ಹುರಿಗಡಲೆ ಪುಡಿಯ ವಾಸನೆಯೇ.

ಒಂದು ತಟ್ಟೆಗೆ ಮೂರು ಕಿಲೋ ಗೋಧಿ, ನೂರ ಅರವತ್ತು ಚೀಲ. ವಾರಕ್ಕೆ ನಾಲ್ಕೈದು ತಟ್ಟೆ. ಊರಿನ ಎಲ್ಲ ಸತ್ತವರಿಗೂ ಸೇರಿ ಪ್ರಾರ್ಥನೆ ನಡೆಯುವ ಶನಿವಾರಗಳು ಬಂದರೆ ಇಪ್ಪತ್ತೆರಡು ತಟ್ಟೆ. ಅಂಥ ವಾರ ಗಂಡ ಕೋಸ್ಮಾಸರಿಗೆ ಮನೆಯಲ್ಲಿ ಕೂರಲು ಜಾಗವೇ ಇರುವುದಿಲ್ಲ, ಸೊಂಟ ಹಿಡಿದುಕೊಂಡು ಕಾಫಿ ಅಂಗಡಿಗೆ ಹೋಗುತ್ತಾರೆ. ಆ ಸೊಂಟ ಕೆಟ್ಟಾಗಿನಿಂದ ಮನೆ ನಡೆಯುತ್ತಿರುವುದು ಈ ಗೋಧಿಯಿಂದಲೇ.

ಅಸಿಮೀನಾ ಇಪ್ಪತ್ತೆರಡು ವರ್ಷ ಬಾದಾಮಿಗೆ ಸಕ್ಕರೆ ಕವಚ ಹಾಕುವ ಕಾರ್ಖಾನೆಯಲ್ಲಿದ್ದರು. ಮದುವೆ, ನಾಮಕರಣಗಳಿಗೆ ಹಂಚುವ ಮಿಠಾಯಿ. ಕಾರ್ಖಾನೆಗೆ ಬೀಗ ಬಿದ್ದಾಗ ಅವರಿಗೆ ಐವತ್ತಾರು. ಕೈಯಲ್ಲಿದ್ದ ವಿದ್ಯೆ ಸಕ್ಕರೆಯದು, ಅತ್ತೆಯಿಂದ ಕಲಿತದ್ದು ಕೋಲಿವಾ. ಎರಡನ್ನೂ ಸೇರಿಸಿ ಮನೆಯಲ್ಲೇ ಶುರು ಮಾಡಿದರು. ಆದರೆ ತಿಥಿಯ ಗೋಧಿಗೆ ಪ್ರಚಾರ ಮಾಡುವುದು ಹೇಗೆ? ಈ ಪ್ರಶ್ನೆಯೇ ನನ್ನನ್ನು ಅವರ ಅಡುಗೆಮನೆಗೆ ಎಳೆದುಕೊಂಡು ಹೋದದ್ದು.

“ಮೊದಲು ಕಾರ್ಡು ಮಾಡಿಸಿದೆ,” ಎಂದು ನಗುತ್ತಾರೆ. “ಎದುರುಮನೆ ಮರಿಗೋ ಕೈಗೆ ಕೊಟ್ಟೆ. ಓದಿದಳು. ಮೂರು ಸಲ ಥೂ ಥೂ ಅಂತ ಉಗುಳಿ, ‘ಲೇ, ನನ್ನ ಗಂಡ ಕೆಮ್ಮಿದ್ದು ನಿನ್ನೆಯಷ್ಟೇ, ಆಗಲೇ ಬಂದ್ಯಾ?’ ಅಂತ ಬಾಗಿಲು ಹಾಕ್ಕೊಂಡಳು! ಕಾರ್ಡೆಲ್ಲ ಹಾಗೇ ಉಳೀತು. ಹಿಂದೆ ಬಿಳಿ ಇದೆ ನೋಡಿ, ಸಾಮಾನಿನ ಪಟ್ಟಿ ಬರೀತೀನಿ.”

ಆ ಹೊತ್ತಿಗೆ ಊರ ಗ್ರಂಥಾಲಯದಲ್ಲಿ ಹಿರಿಯರಿಗೆ ಕಂಪ್ಯೂಟರ್ ಪಾಠ ನಡೆಯುತ್ತಿತ್ತು. ಅಲ್ಲಿ ಬ್ಲಾಗ್ ಎಂಬುದೊಂದಿದೆ ಎಂದು ತಿಳಿಯಿತು. ಅದು ಯಾರ ಬಾಗಿಲನ್ನೂ ತಟ್ಟುವುದಿಲ್ಲ, ಬೇಕಾದವರು ತಾವೇ ಹುಡುಕಿಕೊಂಡು ಬರುತ್ತಾರೆ ಎಂಬುದು ಅಸಿಮೀನಾಗೆ ಬಹಳ ಹಿಡಿಸಿತು. ಎರಡೇ ಬೆರಳಲ್ಲಿ ಟೈಪು ಮಾಡಿ, ಬ್ಲಾಗಿಗೆ ತಟ್ಟೆಯ ಫೋಟೋ ಏರಿಸಿದರು. ‘ನನ್ನ ಹತ್ತಿರ ಮಾಡಿಸಿ’ ಎಂದು ಬರೆಯಲು ನಾಚಿಕೆ. ಹಾಗಾಗಿ ಆರ್ಡರ್ ಕೊಡುವಾಗ ತೀರಿಕೊಂಡವರ ಮನೆಯವರು ಫೋನಿನಲ್ಲಿ ಹೇಳಿದ ಮಾತಲ್ಲೇ ಒಂದನ್ನು ಬರೆದರು: ‘ಈ ತಾಯಿ ಕಲ್ಲಂಗಡಿ ತಿಂದು ಬೀಜವನ್ನು ಪಕ್ಕದ ಮನೆಯ ಬೆಕ್ಕಿಗೆ ಗುರಿಯಿಟ್ಟು ಉಗುಳುತ್ತಿದ್ದರು. ಒಮ್ಮೆಯೂ ತಾಗಲಿಲ್ಲ.’

ಜನ ಓದತೊಡಗಿದರು. ಮನೆಯವರನ್ನು ಕೇಳಿಯೇ ಹಾಕುವುದು, ಬರಹಕ್ಕೊಬ್ಬರು, ನಾಲ್ಕೈದು ಸಾಲು. ಅಥೆನ್ಸಿನಿಂದ, ಜರ್ಮನಿಯಿಂದ, ಮೆಲ್ಬರ್ನಿನಿಂದ ಫೋನು ಬರತೊಡಗಿತು. ಹೆತ್ತವರ ಸಮಾಧಿ ಇಲ್ಲಿ, ಮಕ್ಕಳು ಅಲ್ಲಿ. ಈಗ ಮುಕ್ಕಾಲುಪಾಲು ಆರ್ಡರ್ ಬರುವುದು ಬ್ಲಾಗಿನಿಂದಲೇ.

ಆ ಬ್ಲಾಗ್ ಎರಡು ವರ್ಷದ ಹಿಂದೆ ಮುಚ್ಚಿಯೇ ಹೋಗುವುದರಲ್ಲಿತ್ತು.

ಇಲ್ಲಿ ಮೊದಲ ಗಂಡುಮಗುವಿಗೆ ತಾತನ ಹೆಸರಿಡುವುದು ಕಟ್ಟಳೆ. ಅಣ್ಣ ತಮ್ಮ ಇಬ್ಬರೂ ಇಟ್ಟರೆ ಒಂದೇ ಹೆಸರಿನ, ಒಂದೇ ಮನೆತನದ ಇಬ್ಬರು ಒಂದೇ ಊರಲ್ಲಿ ತಿರುಗಾಡುತ್ತಾರೆ. ಅದಕ್ಕೇ ಸಾವಿನ ಸುದ್ದಿಯ ಚೀಟಿಯನ್ನು ದೀಪದ ಕಂಬಕ್ಕೆ ಅಂಟಿಸುವಾಗಲೂ ಅಪ್ಪನ ಹೆಸರು ತಪ್ಪಿಸುವುದಿಲ್ಲ. ಅಸಿಮೀನಾ ಅದೊಂದು ದಿನ ತಪ್ಪಿಸಿದರು. ಸ್ಟೇರ್ಯೋಸ್ ಕರನೀಕಾಸ್ ಅವರ ನಲವತ್ತನೆಯ ದಿನದ ಕೋಲಿವಾ ಎಂದಷ್ಟೇ ಬರೆದರು. ಮಗಳು ಹೇಳಿದ ಮಾತನ್ನೂ ಸೇರಿಸಿದರು: ‘ಮಳೆಗಾಲಕ್ಕೆ ಮುಂಚೆ ಇವರು ಏಣಿ ಹೊತ್ತುಕೊಂಡು ಓಣಿಯ ಹನ್ನೊಂದು ಮನೆಗಳ ಸೂರಿನ ಮಳೆನೀರಿನ ದೋಣಿಯಲ್ಲಿ ಕಟ್ಟಿದ ಎಲೆ ತೆಗೆದು, ತಮ್ಮ ಮನೆಯದನ್ನು ಕೊನೆಗೆ ತೆಗೆಯುತ್ತಿದ್ದರು.’

ತೀರಿಕೊಂಡಿದ್ದು ತೊಮಾಸರ ಮಗ ಸ್ಟೇರ್ಯೋಸ್. ಯಾನಿಸರ ಮಗ ಸ್ಟೇರ್ಯೋಸ್, ದೋಣಿಯ ಮೋಟಾರು ರಿಪೇರಿ ಮಾಡುವ ಎಪ್ಪತ್ತೊಂಬತ್ತರ ಮುದುಕ, ಬಂದರಿನ ಆಚೆ ದಡದಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಅವರನ್ನು ಕಾಫಿ ಅಂಗಡಿಯಲ್ಲಿ ಹಿಡಿದು ಕೇಳಿದೆ.

“ಅಂಗಿ ಬಿಚ್ಚಿ ಮೀನು ಹುರೀತಿದ್ದೆ. ಬಾಗಿಲು ಬಡಿದ್ರು. ತೆಗೆದ್ರೆ ಲಾರಿಸಾ ಊರಿಂದ ತಂಗಿ, ತಲೆಯಿಂದ ಕಾಲಿನ ತನಕ ಕರಿ ಬಟ್ಟೆ! ನಲವತ್ತು ದಿನ ತನಗೆ ಯಾರೂ ತಿಳಿಸಲಿಲ್ಲ ಅಂತ ದಾರಿಯುದ್ದಕ್ಕೂ ಅತ್ತುಕೊಂಡು ಬಂದಿದ್ದಳಂತೆ. ನನ್ನ ನೋಡಿ ‘ಅಯ್ಯೋ’ ಅಂತ ತಬ್ಬಿಕೊಂಡಳು. ಆಮೇಲೆ ಬೆನ್ನಿಗೊಂದು ಗುದ್ದು. ‘ಬದುಕಿದ್ಮೇಲೆ ಒಂದು ಫೋನ್ ಮಾಡೋಕೆ ಏನಾಗಿತ್ತೋ ನಿಂಗೆ?’ ಸಂಜೆ ತನಕ ಹದಿನೇಳು ಜನ ಬಂದ್ರು. ಎಲ್ಲರಿಗೂ ಕಾಫಿ ಮಾಡಿಕೊಟ್ಟವನು ಸತ್ತವನೇ!”

ಈಗ ನಗುತ್ತಾರೆ. ಅಂದು ನಕ್ಕಿರಲಿಲ್ಲ. ಅಸಿಮೀನಾ ಮನೆಯ ಗೇಟಿನ ಮುಂದೆ ನಿಂತು, ಆ ಬ್ಲಾಗ್ ಮುಚ್ಚದಿದ್ದರೆ ವಕೀಲರನ್ನು ಕರೆತರುತ್ತೇನೆ ಎಂದು ಇಡೀ ಕೇರಿಗೆ ಕೇಳುವಂತೆ ಕೂಗಿ ಹೋದರು. ಅಸಿಮೀನಾ ಆ ಬರಹವನ್ನು ತೆಗೆದುಹಾಕಿದರು, ಮತ್ತೆ ಮೂರು ವಾರ ಬ್ಲಾಗನ್ನೇ ತೆರೆಯಲಿಲ್ಲ. ಹೊಸದಾಗಿ ಬಂದದ್ದು ಎರಡೇ ತಟ್ಟೆಯ ಆರ್ಡರ್.

“ನಾಚಿಕೆ ಕಣ್ರೀ. ಬದುಕಿರೋ ಮನುಷ್ಯನಿಗೆ ಶಿಲುಬೆ ಹಾಕಿಬಿಟ್ಟೆನಲ್ಲ ಅಂತ ಅನ್ನ ಸೇರ್ತಿರಲಿಲ್ಲ. ಒಲೆ ಆರಿದ್ರೂ ಪರವಾಗಿಲ್ಲ, ಮುಚ್ಚೋದೇ ಸರಿ ಅಂತ ತೀರ್ಮಾನ ಮಾಡಿದ್ದೆ. ಮುಚ್ಚೋಕೆ ಮುಂಚೆ ಹೋಗಿ ಕಾಲು ಹಿಡಿದು ಬರೋಣ ಅಂತ ಹೊರಟೆ. ಬರಿಗೈಲಿ ಹೋದೆ. ನನ್ನ ಕೈಯಿಂದ ಏನು ಕೊಟ್ರೆ ತಾನೇ ಆತ ಮುಟ್ತಾರೆ ಹೇಳಿ?”

ಸ್ಟೇರ್ಯೋಸ್ ಮೋಟಾರು ಬಿಚ್ಚುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ. ಅಸಿಮೀನಾ ತಪ್ಪಾಯಿತು ಎಂದರು, ಬ್ಲಾಗ್ ಇವತ್ತೇ ಮುಚ್ಚುತ್ತೇನೆ ಎಂದರು. ಇನ್ನೊಂದು ತಿರುಪು ಬಿಚ್ಚಿಟ್ಟು ಮುದುಕ ಕೇಳಿದ್ದು ಬೇರೆಯದೇ ಪ್ರಶ್ನೆ.

“ಆ ಏಣಿ ಚೆಸ್ಟ್‌ನಟ್ ಮರದ್ದಾ?”

“ಗೊತ್ತಿಲ್ಲ ಬಾರ್ಬಾ,” ಎಂದರು ಅಸಿಮೀನಾ. ಬಾರ್ಬಾ ಎಂದರೆ ಇಲ್ಲಿ ದೊಡ್ಡಪ್ಪ ಎಂದಂತೆ. “ಅವರ ಮಗಳು ಏಣಿ ಅಂದಳಷ್ಟೇ.”

“ಕೆಳಗಿಂದ ಮೂರನೇ ಮೆಟ್ಟಿಲಿಗೆ ತಂತಿ ಸುತ್ತಿದೆಯಾ, ಕೇಳು.”

ಅಸಿಮೀನಾ ಅಲ್ಲೇ ನಿಂತು ಆ ಮಗಳಿಗೆ ಫೋನ್ ಮಾಡಿದರು. ಸುತ್ತಿತ್ತು.

ಏಣಿ ಈ ಸ್ಟೇರ್ಯೋಸರದು, ತಾವೇ ಕೈಯಾರೆ ಮಾಡಿದ್ದು. ಹತ್ತೊಂಬತ್ತು ವರ್ಷದ ಹಿಂದೆ ದಾಯಾದಿ, ತೀರಿಕೊಂಡ ಸ್ಟೇರ್ಯೋಸ್, ಒಂದು ದಿನಕ್ಕೆಂದು ಒಯ್ದು ಮರಳಿಸಲಿಲ್ಲ. ಇವರು ಜನರ ಮುಂದೆಯೇ ಕೇಳಿದರು. ಮಾತಿಗೆ ಮಾತು ಬೆಳೆದು ಮಾತೇ ನಿಂತುಹೋಯಿತು. ಸಾವಿಗೂ ಇವರು ಹೋಗಲಿಲ್ಲ.

“ಹನ್ನೊಂದು ಮನೆ ಅಂತ ಬರೆದಿದ್ದಳು,” ಎಂದು ಸ್ಟೇರ್ಯೋಸ್ ನನಗೆ ಹೇಳುವಾಗ ಕಾಫಿ ಲೋಟವನ್ನೇ ನೋಡುತ್ತಿದ್ದರು. “ನಾನು ಅಂದ್ಕೊಂಡಿದ್ದೆ, ನನ್ನ ಹೊಟ್ಟೆ ಉರಿಸೋಕೆ ಎಲ್ಲೋ ಮೂಲೇಲಿ ಇಟ್ಟಿದಾನೆ ಅಂತ. ಮೂರ್ಖ. ಇಷ್ಟು ಮನೆಗೆ ಬೇಕು ಅಂತ ಒಂದು ಮಾತು ಹೇಳಿದ್ರೆ ಬೇಡ ಅಂತಿದ್ನಾ ನಾನು?”

ಆ ದಿನ ಅವರು ಅಸಿಮೀನಾಗೆ ಹೇಳಿದ್ದಿಷ್ಟು: “ಮುಚ್ಚಬೇಡ. ಮೊದಲು ನಾನು ಬದುಕಿದೀನಿ ಅಂತ ಬರಿ. ಆಮೇಲೆ ಆ ಏಣಿ ನಂದು ಅಂತ ಬರಿ. ಅವನು ಇಟ್ಕೊಂಡ ಅಂತ ಬರೀಬೇಡ ಹುಡುಗಿ. ನಾನೇ ಕೊಟ್ಟೆ ಅಂತ ಬರಿ.”

ಅರವತ್ತು ದಾಟಿದ ಹುಡುಗಿ ಹಾಗೆಯೇ ಬರೆದರು. ಅವರ ಬ್ಲಾಗಿನಲ್ಲಿ ಅತಿ ಹೆಚ್ಚು ಜನ ಓದಿದ್ದು ಅದನ್ನೇ. ದಾಯಾದಿಯ ವರ್ಷದ ಪ್ರಾರ್ಥನೆಯ ಕೋಲಿವಾ ಮಾಡಿಸಿದ್ದೂ ಬಾರ್ಬಾ ಸ್ಟೇರ್ಯೋಸ್. ಚರ್ಚಿನಲ್ಲಿ ತಟ್ಟೆಯ ಪಕ್ಕ ಅವರು ಕರಿ ಅಂಗಿ ತೊಟ್ಟು ನಿಂತಿದ್ದನ್ನು ನಾನೇ ನೋಡಿದ್ದೇನೆ.

ಹೊರಡುವ ಮುನ್ನ ಅಸಿಮೀನಾರನ್ನು ನಿಮ್ಮದೇನಾದರೂ ಆಸೆಯಿದೆಯೇ ಎಂದು ಕೇಳಿದೆ. ದೊಡ್ಡ ಒಲೆಯನ್ನೋ ಇನ್ನೊಂದು ಕೋಣೆಯನ್ನೋ ಕೇಳಬಹುದು ಎಂದುಕೊಂಡಿದ್ದೆ. ಅವರು ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆದರು. ಪ್ರಕಟವಾದ ಬರಹ ನಾಲ್ಕುನೂರ ಮೂವತ್ತೆಂಟು. ಪ್ರಕಟವಾಗದೆ ಉಳಿದ ಕರಡು ಒಂದು.

“ಇದು ಬಾರ್ಬಾದು, ಅವರದೇ ನಲವತ್ತನೇ ದಿನಕ್ಕೆ. ತಾವೇ ಬಂದು ಕೂತು ಎರಡು ಗಂಟೆ ಹೇಳಿ ಬರೆಸಿದ್ರು. ತಂಗೀನ ಕೇಳಿದ್ರೆ ಇಲ್ಲದ್ದೆಲ್ಲ ಹೇಳ್ತಾಳಂತೆ.”

ಕುತೂಹಲ ತಡೆಯಲಾಗದೆ ನಾನು ಬಗ್ಗಿದೆ. ಅವರು ಅಂಗೈಯಿಂದ ಪರದೆ ಮುಚ್ಚಿಬಿಟ್ಟರು.

“ಆರ್ಡರ್ ಬರಲಿ ಅಂತಲೇ ಬ್ಲಾಗ್ ಶುರು ಮಾಡಿದೋಳು ನಾನು,” ಎಂದರು. “ಇದೊಂದು ಮಾತ್ರ ಆದಷ್ಟು ತಡವಾಗಿ ಬರಲಿ.”