ಅಕ್ಕ ಕೂರಿಸಿದ ದೊರೆಗಳು

ನಾನು ಚಿಕ್ಕವನಿದ್ದಾಗ ಮಧುಗಿರಿಯ ನಮ್ಮ ಮನೆಗೆ ನೆಪೋಲಿಯನ್ ಬಂದಿದ್ದ. ನಗಬೇಡಿ ಮಕ್ಕಳೇ, ನಿಜವಾಗಿ ಬಂದಿದ್ದ. ಅವನೊಬ್ಬನೇ ಅಲ್ಲ, ಅಶೋಕ, ಅಲೆಗ್ಸಾಂಡರ್, ವಿಕ್ಟೋರಿಯಾ ರಾಣಿ, ಅಮೆರಿಕದ ಲಿಂಕನ್ ಎಲ್ಲರೂ ಬಂದಿದ್ದರು. ಒಂದು ದಸರೆಯಲ್ಲಿ ಅವರೆಲ್ಲ ನಮ್ಮ ನಡುಮನೆಯಲ್ಲೇ ಇಳಿದುಕೊಂಡಿದ್ದರು. ಅವರನ್ನು ಕರೆತಂದವಳು ನಮ್ಮ ಅಕ್ಕ.

ಆ ವರ್ಷ ಅಕ್ಕ ಮಿಡ್ಲ್ ಸ್ಕೂಲು ಮುಗಿಸಿದ್ದಳು. ತರಗತಿಗೆಲ್ಲ ಅವಳೇ ಮೊದಲು. ಹೈಸ್ಕೂಲು ಎಲ್ಲೋ ದೂರದಲ್ಲಿತ್ತು ಅಂದುಕೊಳ್ಳಬೇಡಿ. ನಮ್ಮ ಮಾಳಿಗೆ ಹತ್ತಿದರೆ ಅದರ ಹೆಂಚು ಕಾಣುತ್ತಿತ್ತು. ಬೆಳಗ್ಗೆ ಅಲ್ಲಿ ಗಂಟೆ ಹೊಡೆದರೆ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಆ ಹೊತ್ತಿಗೆ ಅಕ್ಕ ರಾಗಿಯಲ್ಲಿ ಕಲ್ಲು ಆರಿಸುತ್ತ ಕೂತಿರುತ್ತಿದ್ದಳು. ಹೆಣ್ಣುಮಕ್ಕಳಿಗೆ ಇಷ್ಟು ಓದು ಸಾಕು ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು. ಅಪ್ಪ ಕೆಟ್ಟವರಲ್ಲ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು, ಯಾರಿಗೂ ಗದರಿ ಮಾತಾಡದೆ ಬಾಳಿದವರು. ಆದರೆ ಈ ಒಂದು ವಿಷಯದಲ್ಲಿ ಅವರಿಗೆ ಹೇಳುವುದೂ ಒಂದೇ, ನಮ್ಮೂರಿನ ಬೆಟ್ಟಕ್ಕೆ ಹೇಳುವುದೂ ಒಂದೇ.

ಹೈಸ್ಕೂಲಿನ ಹೆಡ್‌ಮಾಸ್ತರರು ಒಳ್ಳೆಯವರು. ದಸರಾ ರಜೆ ಮುಗಿಯುವುದರೊಳಗೆ ಮನೆಯಲ್ಲಿ ಒಪ್ಪಿದರೆ ಈಗಲೂ ಸೇರಿಸಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದ್ದರು. ಅಕ್ಕ ಧೈರ್ಯ ಮಾಡಿ ಅಪ್ಪನನ್ನು ಮತ್ತೆ ಕೇಳಿದಳು. ಅಪ್ಪ ಎಲೆ ಅಡಿಕೆ ಮೆಲ್ಲುತ್ತ ಹೇಳಿದರು: "ಇಷ್ಟು ವರ್ಷ ಓದಿದೀಯಲ್ಲ ಕಣಮ್ಮ, ಅದ್ರಿಂದ ಈ ಮನೆಗೆ ಏನು ಬಂತು? ಅದನ್ನ ತೋರ್ಸು. ಆಮೇಲೆ ಮುಂದಿನ ಮಾತು."

ಅಪ್ಪ ಅದನ್ನು ಮಾತು ಮುಗಿಸಲು ಹೇಳಿದ್ದು. ಅಕ್ಕ ಅದನ್ನು ಪರೀಕ್ಷೆಯ ಪ್ರಶ್ನೆ ಎಂದು ತಿಳಿದಳು. ಉತ್ತರ ಬರೆಯದೆ ಬಿಟ್ಟು ಬರುವ ಹುಡುಗಿ ಅವಳಲ್ಲ.

ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಹಲಗೆ ಜೋಡಿಸಿ, ಬಿಳಿ ಪಂಚೆ ಹಾಸಿ, ಎಲ್ಲಕ್ಕಿಂತ ಮೇಲೆ ಅಮ್ಮ ತವರಿನಿಂದ ತಂದ ಪಟ್ಟದ ಗೊಂಬೆಗಳು, ಅಂದರೆ ರಾಜ ಮತ್ತು ರಾಣಿ. ಕೆಳಗೆ ದೇವರುಗಳು. ಅದರ ಕೆಳಗೆ ಬೇಳೆಕಾಳಿನ ಗುಡ್ಡೆ ಹಾಕಿಕೊಂಡು ಕೂತ ಶೆಟ್ಟರು, ಶೆಟ್ಟರ ಹೆಂಡತಿ. ಸಂಜೆಯಾದರೆ ಬೀದಿಯ ಹೆಂಗಸರು, ಮಕ್ಕಳು ಗೊಂಬೆ ನೋಡಲು ಬರುತ್ತಿದ್ದರು. ಹಾಡು ಹೇಳಿ, ಆರತಿ ಎತ್ತಿ, ಉಸಲಿಯ ಚರಪು ತಿಂದು ಹೋಗುತ್ತಿದ್ದರು. ಅಕ್ಕ ಅಮ್ಮನ ಹತ್ತಿರ ಒಂದು ಮೆಟ್ಟಿಲು ಬೇಡಿ ಪಡೆದಳು. ಅಲ್ಲಿ ಪ್ರಪಂಚದ ದೊರೆಗಳನ್ನು ಕೂರಿಸುವುದು, ಬಂದವರಿಗೆಲ್ಲ ಅವರ ಕಥೆ ಹೇಳುವುದು, ಜಗಲಿಯಲ್ಲಿ ಕೂತ ಅಪ್ಪನಿಗೆ ಅದು ಕೇಳಿಸುವುದು, ಬೀದಿಯವರೆಲ್ಲ ಭೇಷ್ ಎನ್ನುವುದು. ಓದಿನಿಂದ ಮನೆಗೆ ಏನು ಬಂತು ಎಂಬುದಕ್ಕೆ ಅವಳ ಉತ್ತರ ಇದು.

ಅಪ್ಪನ ಅಂಗಡಿಯ ಮುಂದೆ ಮಿಷನ್ ಇಟ್ಟುಕೊಂಡಿದ್ದ ದರ್ಜಿಯಿಂದ ನಾನು ತುಂಡುಬಟ್ಟೆ ಆಯ್ದು ತಂದೆ. ಬೂರುಗದ ಹತ್ತಿ ತುಂಬಿ ಅಕ್ಕ ಮೈ ಮಾಡಿದಳು, ಕಾಡಿಗೆಯಿಂದ ಕಣ್ಣು ತೀಡಿದಳು. ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಕಿರೀಟವಾಯಿತು. ಲಿಂಕನ್ನನ ಗಡ್ಡಕ್ಕೆ ಕರಿ ಕುರಿಯ ಉಣ್ಣೆ ಬಂತು. ಅದು ಅಂಟಿನ ಜೊತೆ ಸೇರಿ ವಾರವೆಲ್ಲ ಮನೆ ಕುರಿಹಟ್ಟಿಯಂತೆ ನಾರುತ್ತಿತ್ತು. ಅಲೆಗ್ಸಾಂಡರನಿಗೆ ಕುದುರೆ ಬೇಕೆಂದು ನನ್ನ ಮರದ ಕುದುರೆಯನ್ನೇ ಕಿತ್ತುಕೊಂಡಳು. ಅವನು ಅರ್ಧ ಪ್ರಪಂಚ ಗೆದ್ದನೋ ಇಲ್ಲವೋ ನನಗೆ ಗೊತ್ತಿಲ್ಲ, ನನ್ನ ಕುದುರೆಯನ್ನಂತೂ ಗೆದ್ದ.

ಅವಳಿಗೆ ಎಲ್ಲರಿಗಿಂತ ಪ್ರೀತಿ ಅಶೋಕನ ಮೇಲೆ. ಅವನ ಕೈ ಖಾಲಿ ಬಿಟ್ಟು, ಕತ್ತಿಯನ್ನು ಕಾಲ ಬಳಿ ನೆಲದ ಮೇಲೆ ಮಲಗಿಸಿದಳು. ಯುದ್ಧ ಗೆದ್ದವರು ಬೇಕಾದಷ್ಟು ಜನ ಇದ್ದಾರೆ, ಗೆದ್ದ ಮೇಲೆ ಸತ್ತವರನ್ನು ನೋಡಿ ನೊಂದುಕೊಂಡ ರಾಜ ಇವನು ಎಂದು ನನಗೆ ಹೇಳಿಕೊಟ್ಟಳು. ನನಗೂ ಒಂದು ಕೆಲಸ ಕೊಟ್ಟಿದ್ದಳು. ಹೆಂಗಸರು ಬಂದು ಕೂತ ಮೇಲೆ ನಾನು ಗಟ್ಟಿಯಾಗಿ "ಅಕ್ಕ, ಇವರು ಯಾರು?" ಎಂದು ಕೇಳಬೇಕು. ಆಗ ಅವಳು ಕಥೆ ಶುರು ಮಾಡುತ್ತಾಳೆ.

ಮೊದಲ ಸಂಜೆ ಬಂತು. ನಡುಮನೆಯಲ್ಲಿ ಮಲ್ಲಿಗೆ, ಕರ್ಪೂರ, ಒಗ್ಗರಣೆ ಹಾಕಿದ ಕಡಲೆಕಾಳು, ಎಲ್ಲದರ ವಾಸನೆ ಒಂದರ ಮೇಲೊಂದು ಏರಿತ್ತು. ಬೆಟ್ಟದ ಬಿಸಿ ಇನ್ನೂ ಇಳಿದಿರಲಿಲ್ಲ. ಅಕ್ಕ ಬೆವರು ಒರೆಸಿಕೊಳ್ಳುತ್ತ ಗೊಂಬೆಗಳ ಪಕ್ಕದಲ್ಲಿ ನಿಂತಿದ್ದಳು. ಹೆಂಗಸರು ಬಂದರು, ಕೂತರು, ನೋಡಿದರು. ಅಲ್ಲಿಂದ ಎಲ್ಲ ಕೆಟ್ಟಿತು.

ಒಬ್ಬರು ಅಲೆಗ್ಸಾಂಡರನನ್ನು ಕಂಡವರೇ ಕುದುರೆ ಮೇಲಿನ ಮೈಲಾರಲಿಂಗ ಎಂದು ಕೈಮುಗಿದು ಭಂಡಾರ ಹಚ್ಚಿದರು. ಇನ್ನೊಬ್ಬರು ಕೋಟಿನೊಳಗೆ ಕೈ ಇಟ್ಟ ನೆಪೋಲಿಯನ್ನನನ್ನು ನೋಡಿ, ಪಾಪ, ಹೊಟ್ಟೆನೋವು, ಓಮದ ಕಷಾಯ ಕೊಡಬೇಕು ಎಂದು ಎಲ್ಲರನ್ನೂ ನಗಿಸಿದರು. ಲಿಂಕನ್ನನ ಉದ್ದನೆಯ ಟೋಪಿ ಕಾಳು ಅಳೆಯುವ ಸೇರಿನ ಹಾಗಿತ್ತು. ಶೆಟ್ಟರು ತಪ್ಪಿ ಬೇರೆ ಮೆಟ್ಟಿಲಿಗೆ ಬಂದಿದ್ದಾರೆಂದು ಯಾರೋ ಅವನನ್ನು ಎತ್ತಿ ಬೇಳೆಯ ಗುಡ್ಡೆಯ ಪಕ್ಕಕ್ಕೆ ಇಟ್ಟರು. ಗುಲಾಮರನ್ನು ಬಿಡಿಸಿದ ಲಿಂಕನ್ ಹೆಸರುಬೇಳೆ ವ್ಯಾಪಾರಕ್ಕೆ ನಿಂತ. ವಿಕ್ಟೋರಿಯಾ ರಾಣಿಯ ಬಿಳಿ ಸೆರಗು ಕಂಡದ್ದೇ ನಮ್ಮ ಸೋದರತ್ತೆ ಕೆರಳಿದರು. ಹಬ್ಬದ ದಿನ ಹಣೆಯಲ್ಲಿ ಕುಂಕುಮ ಇಲ್ಲದ ಹೆಂಗಸನ್ನು ಕೂರಿಸಿದ್ದೀಯಲ್ಲೇ ಎಂದು ಬೈದು, ಅರ್ಧ ಪ್ರಪಂಚ ಆಳಿದ ರಾಣಿಗೆ ಕಾಸಿನಗಲ ಕುಂಕುಮ ಬಡಿದರು.

ನಾನು ನನ್ನ ಕೆಲಸ ಮರೆಯಲಿಲ್ಲ. "ಅಕ್ಕ, ಇವರು ಯಾರು?" ಎಂದು ಕೂಗಿದೆ. ಅತ್ತೆ ನನ್ನ ಕೈಗೆ ಉಸಲಿಯ ದೊನ್ನೆ ಕೊಟ್ಟು ಬಾಯಿ ಮುಚ್ಚಿಕೊಂಡು ತಿನ್ನು ಎಂದರು. ಅವಸರವಾಗಿ ನುಂಗಿ ಮತ್ತೆ ಕೂಗಿದೆ. ಇನ್ನೊಂದು ದೊನ್ನೆ ಬಂತು. ಅಷ್ಟರಲ್ಲಿ ಒಬ್ಬ ಅಜ್ಜಿ, ಅಯ್ಯೋ ರಾಜನ ಕತ್ತಿ ಬಿದ್ದುಹೋಗಿದೆ ಎಂದು ಅದನ್ನು ಎತ್ತಿ ಅಶೋಕನ ಕೈಗೆ ಸಿಕ್ಕಿಸಿದರು. ಅಕ್ಕ ಮೆಲ್ಲಗೆ ತೆಗೆದು ಕೆಳಗಿಟ್ಟಳು. ಸ್ವಲ್ಪ ಹೊತ್ತಿಗೆ ಇನ್ಯಾರೋ ಎತ್ತಿ ಸಿಕ್ಕಿಸಿದರು. ಅಕ್ಕ ಮತ್ತೆ ಕೆಳಗಿಟ್ಟಳು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದರು, ಅದೇ ನನ್ನ ಮೈ ಉರಿಸಿದ್ದು. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಕೊನೆಗೆ ಅಕ್ಕ ತಡೆಯಲಾರದೆ ತಾನೇ ಶುರು ಮಾಡಿದಳು. "ಇವನು ಅಶೋಕ ಅಂತ. ಇವನು ಕತ್ತಿ ಯಾಕೆ ಬಿಟ್ಟ ಅಂದ್ರೆ..." ಎಂದಳು. ಮಾತು ಅಲ್ಲಿಗೆ ನಿಂತಿತು. ಹುಡುಗಿಯ ಕಂಠ ಚೆನ್ನಾಗಿದೆ, ಒಂದು ದೇವರನಾಮ ಹೇಳಲಿ ಎಂದು ಯಾರೋ ಅಂದರು. ಅಮ್ಮ ಹಾಡು ಎಂದು ಕಣ್ಣಲ್ಲೇ ಹೇಳಿದರು. ಅಕ್ಕ ಹಾಡಿದಳು. ಎಲ್ಲರೂ ತಲೆದೂಗಿದರು.

ಬಂದವರಲ್ಲಿ ಕೊರಟಗೆರೆಯಿಂದ ನೆಂಟರ ಮನೆಗೆ ಬಂದಿದ್ದ ಒಬ್ಬರು ಹೆಂಗಸು ಇದ್ದರು. ಅವರು ಮಾತ್ರ ನೆಪೋಲಿಯನ್ನನನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅಕ್ಕನ ಮುಖ ಅರಳಿತು. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನೂ ದೊನ್ನೆ ಕೆಳಗಿಟ್ಟೆ.

"ಈ ಹೊಲಿಗೆ ಯಾರ್ದಮ್ಮ?" ಎಂದರು ಆಕೆ.

"ನಮ್ ಹುಡುಗೀದೇ ಕಣಮ್ಮ," ಎಂದರು ಅಮ್ಮ.

"ಕೋಟಿನ ಅಂಚು ನೋಡಿ, ಒಂದು ಎಳೆ ಹೊರಗೆ ಬಂದಿಲ್ಲ. ನಮ್ಮಣ್ಣನ ಮಗನಿಗೆ ಇಂಥಾ ಹುಡುಗೀನೇ ನೋಡ್ತಿದ್ವಿ."

ಅಷ್ಟು ಹೊತ್ತು ಜಗಲಿಯಲ್ಲಿ ಕೂತು ಕಡಲೆಕಾಯಿ ಬೆಲೆ ಮಾತಾಡುತ್ತಿದ್ದ ಅಪ್ಪನಿಗೆ ಈ ಒಂದು ಮಾತು ಮಾತ್ರ ಸರಿಯಾಗಿ ಕೇಳಿಸಿತು.

ಊಟಕ್ಕೆ ಕೂತಾಗ ಅಪ್ಪನ ಮುಖದಲ್ಲಿ ಸಂತೋಷ ತುಂಬಿತ್ತು. ಹಾಸ್ಯವಾಗಿಯೇ ಅಂದರು: "ಓದಿನಿಂದ ಏನು ಬಂತು ಅಂತ ಕೇಳಿದ್ನಲ್ಲ, ಬಂತು ಬುಡಮ್ಮ. ಒಳ್ಳೆ ಸಂಬಂಧಾನೇ ಬಂತು."

ಅಕ್ಕ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಅಪ್ಪ, ಅವ್ರು ನೋಡಿದ್ದು ಕೋಟು. ಅದನ್ನ ಹಾಕ್ಕೊಂಡಿರೋನು ಯಾರು ಅಂತ ಒಬ್ರೂ ಕೇಳ್ಲಿಲ್ಲ."

"ಯಾರಾದ್ರೇನಮ್ಮ?" ಎಂದರು ಅಪ್ಪ. ಅವರು ನೋಯಿಸಲು ಹೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಯಾರಾದರೂ ಒಂದೇ ಆಗಿತ್ತು.

ದಸರಾ ರಜೆ ಮುಗಿಯಿತು. ಹೈಸ್ಕೂಲಿನ ಗಂಟೆ ಮತ್ತೆ ಹೊಡೆಯತೊಡಗಿತು. ವೈಶಾಖದಲ್ಲಿ ಅಕ್ಕ ಮದುವೆಯಾಗಿ ಕೊರಟಗೆರೆಗೆ ಹೋದಳು. ಒಳ್ಳೆಯ ಮನೆ, ಒಳ್ಳೆಯ ಜನ. ಬೀದಿಯ ಮಕ್ಕಳಿಗೆಲ್ಲ ಅವಳೇ ಲಂಗ, ಅಂಗಿ ಹೊಲಿದಳು. ಅಲ್ಲಿ ಯಾರೂ ಅವಳನ್ನು ನೋಯಿಸಲಿಲ್ಲ, ಅಶೋಕನ ವಿಷಯ ಕೇಳಲೂ ಇಲ್ಲ. ಇನ್ನು ನನ್ನ ಕಥೆ ಕೇಳಿ. ನನ್ನ ಸರದಿ ಬಂದಾಗ ಅಪ್ಪ ತಾವೇ ಕೈಹಿಡಿದು ಹೈಸ್ಕೂಲಿಗೆ ಸೇರಿಸಿ ಬಂದರು. ಚರಿತ್ರೆಯಲ್ಲಿ ನಾನು ಪಾಸಾದದ್ದೇ ಮೇಷ್ಟರ ಕೃಪೆಯಿಂದ. ಆದರೂ ಓದಿನಿಂದ ಈ ಮನೆಗೆ ಏನು ಬಂತು ತೋರಿಸು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಈಗ ನಿಮ್ಮ ಕಾಲ. ಯಾವ ದೇಶದ ಯಾವ ದೊರೆಯ ಹೆಸರು ಹೇಳಿದರೂ ಆ ಫೋನು ಅವನ ಹುಟ್ಟು, ಸಾವು, ಮಾಡಿದ ಯುದ್ಧ ಎಲ್ಲ ಒದರುತ್ತದೆ. ಸ್ಕೂಲಿನ ವ್ಯಾನು ಬಾಗಿಲಿಗೇ ಬಂದು ಹಾರನ್ ಹೊಡೆಯುತ್ತದೆ. ನೀವು ಹೊದಿಕೆ ಎಳೆದುಕೊಂಡು, ಇವತ್ತೊಂದಿನ ಬೇಡ ತಾತ ಅನ್ನುತ್ತೀರಿ. ನಾನು ರೇಗುತ್ತೇನೆ. ತಾತನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಿಮ್ಮಮ್ಮನ ಹತ್ತಿರ ದೂರುತ್ತೀರಿ. ಆ ಕೋಪ ನಿಮ್ಮ ಮೇಲಿನದಲ್ಲ ಮಕ್ಕಳೇ. ಸ್ಕೂಲಿನ ಬಾಗಿಲು ದಾಟುವುದಕ್ಕೆ ಒಪ್ಪಿಗೆ ಕೇಳಲು ಒಬ್ಬ ಹುಡುಗಿ ಪ್ರಪಂಚದ ದೊರೆಗಳನ್ನೆಲ್ಲ ಮನೆಗೆ ಕರೆಸಿದ್ದಳು. ಅಷ್ಟು ಜನ ಬಂದು ನಿಂತರೂ ಸಾಲದೆ ಹೋಯಿತು.