ಚಂದಾಪುರಕ್ಕೆ ಕೇಳದ ಮಾತು

ಪೀಣ್ಯದ ಒಂದು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ನಾನು ಒಂಬತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದೆ. ನಾಗಸಂದ್ರದ ನಮ್ಮ ಮನೆಯಿಂದ ಅರ್ಧ ಗಂಟೆಯ ನಡಿಗೆ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ, ಬಸ್ಸಿಗಿಂತ ಕಾಲೇ ಬೇಗ ತಲುಪಿಸುತ್ತಿತ್ತು. ರಿಸೆಪ್ಷನ್ ಹಿಂದಿನ ಗಾಜಿನ ಕೋಣೆಯಲ್ಲಿ ಕೂತು, ಆ ಕಡೆಯವರು ‘ಹಲೋ’ ಮುಗಿಸುವ ಮೊದಲೇ ಯಾರೆಂದು ಹೇಳಿಬಿಡುತ್ತಿದ್ದೆ. ನನ್ನ ಕಿವಿಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಚಂದಾಪುರದ ಹತ್ತಿರ ಕಂಪನಿಗೆ ಇನ್ನೊಂದು ಘಟಕವಿತ್ತು. ಪಂಪಿನ ಹೊರಕವಚವಾಗುವ ಭಾರಿ ಎರಕದ ಕೇಸಿಂಗುಗಳೆಲ್ಲ ಅಲ್ಲಿನ ಸ್ಟೋರ್ಸಿನಲ್ಲಿರುತ್ತಿದ್ದವು. ನಮಗೆ ಎಷ್ಟು ಬೇಕೋ ಅಷ್ಟನ್ನು ಫೋನಿನಲ್ಲಿ ಹೇಳಿದರೆ ಟೆಂಪೋದಲ್ಲಿ ಬರುತ್ತಿದ್ದವು. ಆ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು ಆನೇಕಲ್ ಕಡೆಯ ರೈತ ಮನೆತನದವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಅಲ್ಲಿ ನಮ್ಮ ಫೋನು ಎತ್ತುತ್ತಿದ್ದವರು ಅವರೊಬ್ಬರೇ; ನಾನು ಅವರನ್ನು ‘ಯಜಮಾನ್ರೇ’ ಎಂದು ಕರೆಯುತ್ತಿದ್ದೆ. ವರ್ಷಗಟ್ಟಲೆ ದಿನಾ ಮಾತಾಡಿದ್ದರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಆ ವರ್ಷ ಕಂಪನಿ ಹಳೆಯ ಫೋನುಗಳನ್ನು ತೆಗೆಸಿ ಹೊಸವನ್ನು ಹಾಕಿಸಿತು. ಎರಡು ಘಟಕಗಳ ಕಂಪ್ಯೂಟರುಗಳನ್ನು ಜೋಡಿಸಲು ಆಗಲೇ ಒಂದು ಬಾಡಿಗೆ ಲೈನು ಇತ್ತು. ಇನ್ನು ಮೇಲೆ ಮಾತೂ ಅದರಲ್ಲೇ ಹೋಗುತ್ತದೆ ಎಂದರು. ಲೈನಿನ ಎರಡು ತುದಿಯಲ್ಲೂ, ಹೋಗುವುದನ್ನೆಲ್ಲ ಸಾಲಾಗಿ ಬಿಡುವ ಒಂದೊಂದು ರೂಟರು ಪೆಟ್ಟಿಗೆ. ನಮ್ಮ ಕಡೆಯದನ್ನು ನನ್ನ ಕೋಣೆಯಲ್ಲೇ ಒಂದು ಕಬ್ಬಿಣದ ಕಪಾಟಿಗೆ ಕೂರಿಸಿದರು. ಹಸಿರು ದೀಪ ಮಿಟುಕಿಸುತ್ತಾ, ಬೇಸಿಗೆಯಲ್ಲಿ ಬಿಸಿಗಾಳಿ ಉಗುಳುತ್ತಾ ಅದು ನನ್ನ ಬೆನ್ನ ಹಿಂದೆ ಕೂತಿರುತ್ತಿತ್ತು.

ಹೊಸ ಫೋನು ಬಂದ ವಾರದಿಂದಲೇ ಯಜಮಾನರಿಗೆ ಕಿವಿ ಕೇಳದಂತಾಯಿತು. ಹಾಗೆಂದೇ ನಾವೆಲ್ಲ ತಿಳಿದೆವು.

“ಆಂ? ಏನಂದ್ರಮ್ಮ? ಇನ್ನೊಂದ್ಸಲ ಏಳಿ,” ಎನ್ನುತ್ತಿದ್ದರು. ಅವರ ಮಾತು ನಮಗೆ ಗಂಟೆ ಹೊಡೆದಂತೆ ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮದು ಮಾತ್ರ ಅವರಿಗೆ ಕೇಳುತ್ತಿರಲಿಲ್ಲ. ಮೂರು ಮೂರು ಸಲ ಹೇಳಿ ಎಲ್ಲರಿಗೂ ಸಾಕಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಟಿಫನ್ ಡಬ್ಬಿಯ ಮುಚ್ಚಳವನ್ನು ಕಿವಿಗೆ ಹಿಡಿದು “ಆಂ? ಏನಂದ್ರಮ್ಮ?” ಎಂದು ಅವರ ಹಾಗೆಯೇ ಮಾಡಿ ತೋರಿಸುತ್ತಿದ್ದೆ. ಹೆಂಗಸರೆಲ್ಲ ಅನ್ನ ಗಂಟಲಿಗೆ ಸಿಕ್ಕುವಷ್ಟು ನಗುತ್ತಿದ್ದರು.

ಒಂದು ದಿನ ಬೆಳಿಗ್ಗೆ “ಹದಿನಾರು ಬೇಡ, ಆರು ಸಾಕು” ಎಂದು ನಾನೇ ಫೋನಿನಲ್ಲಿ ಹೇಳಿದೆ. ಸಂಜೆ ಟೆಂಪೋದಲ್ಲಿ ಹದಿನಾರು ಕೇಸಿಂಗು ಬಂದು ಇಳಿದವು. ಅವರಿಗೆ ಕೇಳಿಸಿದ್ದು ‘ಹದಿನಾರು ಸಾಕು’ ಅಷ್ಟೆ. ಇಡಲು ಜಾಗವಿಲ್ಲದೆ ಸೈಕಲ್ ಸ್ಟ್ಯಾಂಡಿನಲ್ಲಿ ಇಳಿಸಿದ್ದಾಯಿತು. ನಮ್ಮ ಮ್ಯಾನೇಜರು ಕೆಟ್ಟವರಲ್ಲ, ಅವಸರದ ಮನುಷ್ಯ. ಸೈಕಲ್ ತೆಗೆಯಲಾಗದೆ ನಿಂತಿದ್ದ ಕೆಲಸಗಾರರನ್ನು ನೋಡಿ ಅವರಿಗೆ ರೇಗಿತು.

“ಸಾಕು ಕಣ್ರೀ. ಅವರನ್ನ ಗೇಟಿಗೆ ಹಾಕ್ತೀನಿ. ಅಲ್ಲಿ ಗೇಟ್ ಪಾಸ್ ನೋಡ್ಕೊಂಡು ಕೂತಿರ್ಲಿ, ಫೋನ್ ಎತ್ತೋ ಕೆಲಸ ಇರಲ್ಲ,” ಎಂದರು.

ಅದಕ್ಕೂ ಮೊದಲು ನಿಯಮದ ಪ್ರಕಾರ ಕಿವಿಯ ಡಾಕ್ಟರ ಹತ್ತಿರ ತೋರಿಸಿಕೊಂಡು ಬರಲು ಹೇಳಿದರು. ನಾಲ್ಕು ದಿನದ ಮೇಲೆ ಯಜಮಾನರು ನನಗೆ ಫೋನು ಮಾಡಿದರು. ಧ್ವನಿಯಲ್ಲಿ ಕೋಪವಿರಲಿಲ್ಲ, ಒಂಥರಾ ನಾಚಿಕೆಯಿತ್ತು.

“ಅಮ್ಮಾ, ಡಾಕ್ಟ್ರು ಕಿವಿ ಸೆಂದಾಗೈತೆ ಅಂದ್ರು. ಚೀಟಿ ಕೊಟ್ಟವ್ರೆ. ನಮ್ಮನೇಲಿ ಮೊಮ್ಮಗಳು ಒಳಗಿನ ರೂಮಲ್ಲಿ ಪಿಸುಪಿಸು ಅಂದ್ರೂ ನಂಗೆ ಕೇಳ್ತದೆ. ನಿಮ್ ಫೋನಲ್ಲೇ ಯಾಕೆ ಇಂಗಾಯ್ತದೆ?”

ನನಗೆ ಟಿಫನ್ ಡಬ್ಬಿಯ ಮುಚ್ಚಳ ನೆನಪಾಯಿತು. ಮಾರನೆಯ ದಿನವೇ ಮ್ಯಾನೇಜರ ಮುಂದೆ ನಿಂತು, ಚಂದಾಪುರದವರಿಗೆ ಹೊಸ ಫೋನು ಬಳಸುವುದನ್ನು ಹೇಳಿಕೊಟ್ಟು ಬರುತ್ತೇನೆ ಎಂದೆ. ಅರ್ಧ ಸುಳ್ಳು. ಅವರು ಒಪ್ಪಿದರು.

ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ, ಬೊಮ್ಮನಹಳ್ಳಿಯ ಜಾಮಿನಲ್ಲಿ ಮುಕ್ಕಾಲು ಗಂಟೆ ಬೆವರಿ, ಚಂದಾಪುರ ತಲುಪುವ ಹೊತ್ತಿಗೆ ಹನ್ನೊಂದಾಗಿತ್ತು. ಸ್ಟೋರ್ಸಿನ ಬಾಗಿಲಲ್ಲಿ ಖಾಕಿ ಅಂಗಿಯ, ಎತ್ತರದ, ಹಣೆಗೆ ವಿಭೂತಿ ಇಟ್ಟ ಮನುಷ್ಯ ನಿಂತಿದ್ದರು. “ಬನ್ನಿ ತಾಯಿ” ಎಂದ ಕೂಡಲೇ ಗುರುತು ಸಿಕ್ಕಿತು. ಮೊದಲು ಮಜ್ಜಿಗೆ ಕುಡಿಸಿದರು. ಆಮೇಲೆ ನಾನು ಅವರ ಮೇಜಿನ ಫೋನೆತ್ತಿ ಪೀಣ್ಯಕ್ಕೆ, ನಮ್ಮ ಮ್ಯಾನೇಜರ ನಂಬರಿಗೆ ಮಾಡಿದೆ.

“ಸಾರ್, ಚಂದಾಪುರದಿಂದ ಮಾತಾಡ್ತಿದೀನಿ. ಕೇಳಿಸ್ತಾ ಇದೆಯಾ?”

ಆ ಕಡೆಯಿಂದ ಬಂದದ್ದು ಮಾತಲ್ಲ, ಮಾತಿನ ತುಂಡುಗಳು. “ಕೇ... ಇದ್... ತಲು... ಯಾವ...”

“ಆಂ? ಏನಂದ್ರಿ ಸಾರ್?”

“ನಿಮ... ಹೋಯ್...”

“ಇನ್ನೊಂದ್ಸಲ ಹೇಳಿ ಸಾರ್!”

ಈ ಸಲ ಮಾತು ಒಂದೇ ಒಂದು ಕ್ಷಣ ನೆಟ್ಟಗೆ ಬಂತು: “ನಿಮಗೂ ಕಿವಿ ಹೋಯ್ತೇನ್ರೀ?”

ಯಜಮಾನರು ನನ್ನ ಮುಖ ನೋಡುತ್ತಾ ನಿಂತಿದ್ದರು. ನಾನು ರಿಸೀವರನ್ನು ಅವರತ್ತ ಚಾಚಿ, “ಯಜಮಾನ್ರೇ, ನಿಮ್ಮ ಕಿವಿ ಸರಿಯಾಗಿದೆ. ಕೆಟ್ಟಿರೋದು ನಮ್ಮ ಕಡೆ,” ಎಂದೆ. ಅವರು ಪಕ್ಕದಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ನಿಧಾನಕ್ಕೆ ಕೂತರು. ಆಮೇಲೆ ನಗತೊಡಗಿದರು. ಒಳಗೆ ಲೆಕ್ಕ ಹಾಕುತ್ತಿದ್ದ ಹುಡುಗಿಯರು ಏನಾಯಿತೆಂದು ಓಡಿಬರುವಷ್ಟು ನಕ್ಕರು.

ಹೊರಡುವ ಮುನ್ನ ಅವರಿಗೆ ಒಂದು ಕೆಲಸ ಒಪ್ಪಿಸಿದೆ: ಮಾತು ತುಂಡಾದಾಗಲೆಲ್ಲ ಗಡಿಯಾರ ನೋಡಿ ಸಮಯ ಬರೆದಿಡಬೇಕು. ಒಂದು ವಾರ ಅವರು ಹಳೆಯ ಚೀಟಿಗಳ ಹಿಂದೆ ದುಂಡಗಿನ ಅಕ್ಷರದಲ್ಲಿ ಬರೆದು ಟೆಂಪೋ ಡ್ರೈವರ್ ಕೈಯಲ್ಲಿ ಕಳಿಸಿದರು. ‘ಹನ್ನೊಂದು ಹತ್ತು, ಪೂರ್ತಿ ಹರಕಲು.’ ‘ಎರಡು ಗಂಟೆ, ಚೆನ್ನಾಗಿದೆ.’ ‘ನಾಲ್ಕೂವರೆ, ರೇಡಿಯೋ ಕೆಟ್ಟಂಗೆ.’

ಫೋನು ಹಾಕಿದ ಡೀಲರ ಕಡೆಯಿಂದ ಒಬ್ಬ ಇಂಜಿನಿಯರಮ್ಮ ಬಂದರು. ನನ್ನದೇ ವಯಸ್ಸು, ಏಳು ತಿಂಗಳ ಬಸುರಿ. ಚೀಟಿಗಳನ್ನು ಜೋಡಿಸಿ ನೋಡಿ, “ಯಾರ್ ರೀ ಇದನ್ನ ಬರ್ದಿದ್ದು? ನಮ್ಮ ಆಫೀಸಲ್ಲೂ ಇಷ್ಟು ನೀಟಾಗಿ ಯಾರೂ ಬರೆಯಲ್ಲ,” ಎಂದರು. ನಂತರ ಎದ್ದು ನಮ್ಮ ಡ್ರಾಯಿಂಗ್ ಸೆಕ್ಷನ್ನಿಗೆ ಹೋಗಿ ಕೇಳಿಕೊಂಡು ಬಂದರು. ಆ ಸೆಕ್ಷನ್ನಿನವರು ದಿನಾ ಹನ್ನೊಂದಕ್ಕೆ ಮತ್ತು ಸಂಜೆ ನಾಲ್ಕರ ಮೇಲೆ ದೊಡ್ಡ ದೊಡ್ಡ ನಕ್ಷೆಗಳನ್ನು ಕಂಪ್ಯೂಟರಿನಿಂದ ಚಂದಾಪುರಕ್ಕೆ ಕಳಿಸುತ್ತಿದ್ದರು. ನಕ್ಷೆಗಳು ಹೋಗುತ್ತಿದ್ದದ್ದು ಪೀಣ್ಯದಿಂದ ಆ ಕಡೆಗೆ ಮಾತ್ರ. ಹಾಗಾಗಿ ನಮ್ಮ ಮಾತು ತುಂಡಾಗುತ್ತಿತ್ತು, ಚಂದಾಪುರದವರದು ಆಗುತ್ತಿರಲಿಲ್ಲ.

ನನಗೆ ತಿಳಿಯಲೆಂದು ಇಂಜಿನಿಯರಮ್ಮ ನಮ್ಮ ಗೇಟಿನೆದುರಿನ ದರ್ಶಿನಿಯನ್ನು ತೋರಿಸಿದರು. “ನೋಡಿ ಅಕ್ಕ, ಕೌಂಟರಲ್ಲಿ ಒಬ್ಬ ನಲವತ್ತು ಪ್ಲೇಟ್ ಇಡ್ಲಿ ಪಾರ್ಸಲ್ ಕೇಳ್ತಾ ನಿಂತಿದಾನೆ. ಅವನ ಹಿಂದೆ ಒಬ್ಬರಿಗೆ ಒಂದೇ ಒಂದು ಕಾಫಿ ಬೇಕು. ಇಡ್ಲಿ ಹತ್ತು ನಿಮಿಷ ತಡ ಆದ್ರೂ ಇಡ್ಲಿನೇ. ಕಾಫಿ ಆರೋದ್ರೆ ಯಾರಿಗೆ ಬೇಕು? ನಿಮ್ಮ ಮಾತನ್ನ ಈ ಫೋನು ಸೆಕೆಂಡಿಗೆ ಐವತ್ತು ಚೂರು ಮಾಡಿ ಕಳಿಸತ್ತೆ. ತಡವಾಗಿ ಬಂದ ಚೂರನ್ನ ಆ ಕಡೆ ಫೋನು ಎಸೆದುಬಿಡತ್ತೆ. ಮಾತಿನ ಚೂರು ಬಂದ್ರೆ ಮೊದಲು ಅದನ್ನ ಬಿಡು, ನಕ್ಷೆ ಆಮೇಲೆ ಹೋಗ್ಲಿ ಅಂತ ರೂಟರಿಗೆ ಹೇಳ್ಬೇಕು. ಅಷ್ಟೇ.”

ಅಷ್ಟೇ, ಆದರೆ ಅವತ್ತು ಹೊತ್ತಾಗಿತ್ತು; ಅದನ್ನು ಹೇಳಲು ಅವರಿಗೆ ಮತ್ತೆ ಬರಲಾಗಲಿಲ್ಲ. ಹೆರಿಗೆಗೆಂದು ತವರಿಗೆ ಹೋಗಿಬಿಟ್ಟರು. ಬೇರೆ ಇಂಜಿನಿಯರ್ ಸಿಗಲು ಇನ್ನೂ ಹದಿನೈದು ದಿನ ಬೇಕು ಎಂದಿತು ಡೀಲರ ಆಫೀಸು. ನಾನು ಸಂಕೋಚದಿಂದಲೇ ಇಂಜಿನಿಯರಮ್ಮನಿಗೆ ಫೋನು ಮಾಡಿದೆ.

“ನೀವೇ ಟೈಪ್ ಮಾಡಿ ಅಕ್ಕ, ನಾನು ಹೇಳ್ತಾ ಹೋಗ್ತೀನಿ,” ಎಂದರು.

“ನಂಗೆ ಕಾಮರ್ಸ್ ಬಿಟ್ರೆ ಏನೂ ಗೊತ್ತಿಲ್ಲ ಮೇಡಂ.”

“ಫೋನಲ್ಲಿ ಹೇಳಿದ್ದನ್ನ ತಪ್ಪಿಲ್ದೆ ಬರ್ಕೊಳ್ಳೋಕೆ ನಿಮಗಿಂತ ಚೆನ್ನಾಗಿ ಯಾರಿಗೆ ಬರತ್ತೆ ಹೇಳಿ?”

ಮ್ಯಾನೇಜರು ನನ್ನ ಹಿಂದೆಯೇ ನಿಂತು, “ಏನಾದ್ರೂ ಸುಟ್ಟುಗಿಟ್ಟು ಹೋದ್ರೆ?” ಎಂದು ಮೂರು ಸಲ ಕೇಳಿದರು. ನಾನು ಡೆಸ್ಕಿನ ಕಂಪ್ಯೂಟರಿಗೆ ರೂಟರಿನ ನೀಲಿ ವೈರು ಸಿಕ್ಕಿಸಿ, ತೆಗೆಯದೆ ಉಳಿಸಿದ್ದ ಒಂದೇ ಒಂದು ಹಳೆಯ ನೇರ ಲೈನಿನ ರಿಸೀವರನ್ನು ಭುಜಕ್ಕೆ ಒತ್ತಿಕೊಂಡು ಕೂತೆ. ಇಂಜಿನಿಯರಮ್ಮ ಒಂದೊಂದು ಅಕ್ಷರವನ್ನೂ ತಿಂಡಿಯ ಹೆಸರಿನಿಂದ ಹೇಳುತ್ತಿದ್ದರು. “ಪಿ ಪೂರಿ, ಆರ್ ರವೆ ಉಂಡೆ, ಐ ಇಡ್ಲಿ...” ತವರಿನ ಅಡುಗೆಮನೆಯ ಒಗ್ಗರಣೆಯ ಸದ್ದೂ ನಡುನಡುವೆ ಕೇಳುತ್ತಿತ್ತು. ಒಂದೂವರೆ ಗಂಟೆಯಲ್ಲಿ ಸುಮಾರು ಇಪ್ಪತ್ತು ಸಾಲು ಟೈಪು ಮಾಡಿದೆ. ಮಾತಿನ ಚೂರುಗಳನ್ನು ಗುರುತಿಸುವುದು, ಅವಕ್ಕೆಂದು ಲೈನಿನಲ್ಲಿ ಒಂದಿಷ್ಟು ಜಾಗ ಮೀಸಲಿಡುವುದು, ಮಿಕ್ಕದ್ದನ್ನು ನಕ್ಷೆಗಳಿಗೆ ಬಿಡುವುದು.

ನಾಲ್ಕೂವರೆಗೆ, ನಕ್ಷೆಗಳು ಹೊರಟ ಮೇಲೆ, ಚಂದಾಪುರಕ್ಕೆ ಫೋನು ಮಾಡಿದೆ. “ಯಜಮಾನ್ರೇ, ಹದಿನಾರು ಬೇಡ, ಆರು ಸಾಕು. ಏನು ಕೇಳಿಸ್ತು ಹೇಳಿ?”

“ಅದಿನಾರು ಬ್ಯಾಡ, ಆರು ಸಾಕು!” ಎಂದು ಕೂಗಿದರು. “ಅಮ್ಮಾ, ನೀವು ಪಕ್ಕದಲ್ಲೇ ಕೂತು ಮಾತಾಡ್ದಂಗೈತೆ!”

ಆ ಸಂತೋಷ ಒಂದೇ ದಿನದ್ದು. ಮಾರನೆಯ ದಿನ ಪೀಣ್ಯದಲ್ಲಿ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತಿದ್ದು ಯಾರಿಗೂ ಗೊತ್ತಿರಲಿಲ್ಲ; ರೂಟರೂ ಆರಿಹೋಯಿತು. ಕರೆಂಟು ಬಂದ ಮೇಲೆ ಯಜಮಾನರ ಫೋನು: “ಅಮ್ಮಾ, ನೆನ್ನೆ ಅಷ್ಟು ಸೆಂದಾಗಿತ್ತು, ಇವತ್ತು ಮತ್ತೆ ಅಂಗೇ ಆಗೋಯ್ತಲ್ಲ?” ನನಗೆ ಅಳುವೇ ಬಂತು. ಇಂಜಿನಿಯರಮ್ಮನಿಗೆ ಹೇಳಿದರೆ ಅವರು ಹಣೆ ಚಚ್ಚಿಕೊಂಡದ್ದು ಫೋನಿನಲ್ಲೇ ಕೇಳಿಸಿತು. “ಅಯ್ಯೋ ಅಕ್ಕ, ಸೇವ್ ಮಾಡಿ ಅಂತ ಹೇಳೋದನ್ನೇ ಮರ್ತೆ! ನೆನ್ನೆ ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದ್ರು ನೋಡಿ.”

ಸಾಲುಗಳೆಲ್ಲ ನನ್ನ ನೋಟ್‌ಬುಕ್ಕಿನಲ್ಲಿದ್ದವು. ಈ ಸಲ ಯಾರ ಸಹಾಯವೂ ಇಲ್ಲದೆ ನಾನೇ ಟೈಪು ಮಾಡಿದೆ, ಸೇವ್ ಮಾಡಿದೆ. ನಂಬಿಕೆ ಸಾಲದೆ ರೂಟರನ್ನು ಬೇಕೆಂದೇ ಒಮ್ಮೆ ಆರಿಸಿ ಹಚ್ಚಿದೆ. ಮ್ಯಾನೇಜರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಸಾಲುಗಳು ಅಲ್ಲೇ ಇದ್ದವು.

ಆ ತಿಂಗಳು ಮ್ಯಾನೇಜರು ತಾವೇ ಚಂದಾಪುರಕ್ಕೆ ಹೋಗಿಬಂದರು. ಕ್ಷಮಿಸಿ ಎಂದರೋ ಇಲ್ಲವೋ ತಿಳಿಯದು. ಗೇಟಿನ ಮಾತು ಮತ್ತೆ ಬರಲಿಲ್ಲ, ಯಜಮಾನರು ನಿವೃತ್ತಿಯವರೆಗೂ ಸ್ಟೋರ್ಸಿನಲ್ಲೇ ಇದ್ದರು. ನಾನು ಮಾತ್ರ ಒಂದು ದಿನ ಧೈರ್ಯ ಮಾಡಿ, ಊಟದ ಹೊತ್ತಿನಲ್ಲಿ ಅವರನ್ನು ಆಡಿಕೊಂಡು ಎಲ್ಲರನ್ನೂ ನಗಿಸುತ್ತಿದ್ದುದನ್ನು ಅವರಿಗೇ ಹೇಳಿಬಿಟ್ಟೆ.

“ಗೊತ್ತಿತ್ತು ಕಣಮ್ಮ. ನೀವು ಫೋನ್ ಇಡೋಕ್ ಮುಂಚೆನೇ ನಗೋರು. ನಿಮ್ ಮಾತು ಕೇಳ್ದೆ ಇದ್ರೂ ನಗು ಕೇಳ್ತಿತ್ತು. ಓಗ್ಲಿ ಬಿಡಿ. ನೋಡಕ್ಕೆ ಅಂತ ಬಸ್ಸತ್ತಿ ಬಂದೋರು ನೀವೊಬ್ರೇ ಅಲ್ವಾ?”

ಇಂಜಿನಿಯರಮ್ಮನಿಗೆ ಹೆಣ್ಣು ಮಗುವಾಯಿತು. ಮಗುವಿಗೆ ಆರು ತಿಂಗಳಾದಾಗ ಅವರು ಕೆಲಸಕ್ಕೆ ಮರಳಿ, ತಮ್ಮ ಆಫೀಸಿಗೆ ನನ್ನ ಹೆಸರು ಹೇಳಿದರು. ಹೀಗೆ ಕಾಮರ್ಸ್ ಪಿಯುಸಿಯ ನಾನು ಡೀಲರ ಕಡೆಯವಳಾದೆ. ಮೊದಲ ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಕಾಲ್ ಸೆಂಟರಿನಲ್ಲಿ. ಹೆಡ್‌ಫೋನು ಹಾಕಿಕೊಂಡ ಮೂವತ್ತು ಜನ, ಎಲ್ಲರೂ ಒಟ್ಟಿಗೆ ಮಾತು ಕೇಳಿಸದ ದೂರು ಹೇಳಲು ಶುರು ಮಾಡಿದರು. ಅವರ ಮೇಲ್ವಿಚಾರಕ ರೂಟರಿರುವ ಕೋಣೆಯ ಬೀಗದ ಕೈ ಹಿಡಿದು, “ಬನ್ನಿ ಮೇಡಂ, ಈ ಕಡೆ,” ಎಂದ.

“ಅದು ಆಮೇಲೆ,” ಎಂದೆ. “ಮೊದಲು ಇವರ ಪಕ್ಕದಲ್ಲಿ ನಂಗೊಂದು ಕುರ್ಚಿ ಹಾಕ್ಸಿ, ಒಂದು ಹೆಡ್‌ಫೋನು ಕೊಡಿ.”