ನನ್ನ ಮಗಳನ್ನು ಸೆನ್‌ಪಾಯ್ ಎಂದವರು

ಆ ಭಾನುವಾರ ಮಧ್ಯಾಹ್ನ ಮಗಳು ಬೇಸ್‌ಮೆಂಟಿನಲ್ಲಿ ಸ್ಟೂಲಿನ ಮೇಲೆ ನಿಂತಿದ್ದಳು. ನಾನು ಕೆಳಗೆ ಕೂತು ಅವಳ ನೀಲಿ ನಿಲುವಂಗಿಯ ಅಂಚಿಗೆ ಗುಂಡುಸೂಜಿ ಚುಚ್ಚುತ್ತಿದ್ದೆ. ಜಪಾನಿನ ಕಾರ್ಟೂನ್ ಕಥೆಗಳನ್ನು, ಅವಳ ಮಾತಿನಲ್ಲಿ ಅನಿಮೆಯನ್ನು, ಮೆಚ್ಚುವವರೆಲ್ಲ ಆ ಪಾತ್ರಗಳ ವೇಷ ತೊಟ್ಟು ಸೇರುವ ಮೇಳವೊಂದು ಟೊರಾಂಟೋದಲ್ಲಿ ನಡೆಯುತ್ತದೆ. ಅಲ್ಲೇ ಪಕ್ಕದ ಮೆಡೋವೇಲಿನ ಆಫೀಸೊಂದರಲ್ಲಿ ಕೆಲಸಕ್ಕಿದ್ದ ನನ್ನ ಒಬ್ಬಳೇ ಮಗಳು ವರ್ಷವಿಡೀ ಅದಕ್ಕಾಗಿ ಕಾಯುತ್ತಿದ್ದಳು.

“ಅನಿಮೆ ಹುಚ್ಚಿನವ್ರನ್ನ ಒಟಾಕು ಅಂದ್ರೆ ಅವರ ದೇಶದಲ್ಲಿ ಬೈದ ಹಾಗಂತಲ್ಲೇ? ನಿಮ್ಮಪ್ಪ ನೆಟ್ಟಲ್ಲಿ ಓದಿದ್ರು. ನೀನು ಅದನ್ನ ಬ್ಯಾಗಿನ ಮೇಲೆ ಅಂಟಿಸ್ಕೊಂಡು ಓಡಾಡ್ತೀಯ.”

“ಅಲ್ಲಿ ಬೈಗುಳ, ಇಲ್ಲಿ ಬ್ಯಾಡ್ಜ್, ಅಮ್ಮಾ. ವೀಬ್, ಜಪಾನ್ ಹುಚ್ಚು ಹಿಡಿದ ಹೊರಗಿನವ್ರು, ಅಂದ್ರೆ ಮಾತ್ರ ಇನ್ಸಲ್ಟು. ಅದನ್ನೂ ನಾವ್ ನಾವೇ ಅಂದ್ಕೋಬಹುದು, ಬೇರೆಯವ್ರು ಅನ್ನೋ ಹಾಗಿಲ್ಲ.”

“ನಮ್ಮಜ್ಜಿ ಮಡಿಗಿಂತ ನಿಮ್ಮ ಮಡೀನೇ ಜೋರಾಯ್ತು.”

ಅವಳು ನಕ್ಕು ಅಲುಗಾಡಿದಳು. ಸೂಜಿ ನನ್ನ ಬೆರಳಿಗೆ ಚುಚ್ಚಿತು. “ಗೋಮೆನ್, ಗೋಮೆನ್” ಎಂದಳು. ತಪ್ಪಾಯಿತು ಎನ್ನುವುದು ಅವಳ ಬಾಯಲ್ಲಿ ಯಾವಾಗಲೂ ಜಪಾನಿ ಭಾಷೆಯಲ್ಲೇ.

ಮರುದಿನ ಬೆಳಗ್ಗೆ ಆಫೀಸಿಗೆ ಹೋಗುವಾಗ ಹೈವೇಯಲ್ಲಿ ಲಾರಿಯೊಂದು ಅವಳ ಕಾರಿಗೆ ಬಡಿಯಿತು. ನಾವು ಆಸ್ಪತ್ರೆ ಸೇರುವುದರೊಳಗೆ ಎಲ್ಲ ಮುಗಿದಿತ್ತು.

ಅಪ್ಪನೇ ಮಗಳಿಗೆ ಪಿಂಡ ಇಟ್ಟರು. ವೈಕುಂಠ ಸಮಾರಾಧನೆಗೆ ಬರಬಹುದೇ, ಏನಾದರೂ ತರಬಹುದೇ ಎಂದು ಅವಳ ಅನಿಮೆ ಗೆಳೆಯರು ಫೋನಿನಲ್ಲಿ ಕೇಳಿದಾಗ ಯಜಮಾನರು, “ಅವಳಿಗೆ ಇಷ್ಟವಾದದ್ದು ತನ್ನಿ” ಎಂದರಂತೆ. ಹೋದವರಿಗೆ ಇಷ್ಟವಾದದ್ದನ್ನು ಅಂದು ಬಡಿಸುವುದು ನಮ್ಮಲ್ಲಿ ರೂಢಿ.

ಅವರು ನಾಲ್ವರು ಬಂದರು. ಮುಂದೆ ನಿಂತಿದ್ದ ಹುಡುಗಿಯ ಕೂದಲು ನೇರಳೆ ಬಣ್ಣದ್ದು. ಅವಳು ಸೊಂಟದಿಂದ ಬಾಗಿ ನಮಸ್ಕರಿಸಿ, ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಸಾಲಾಗಿ ಅನ್ನದ ಉಂಡೆಗಳು.

ಹಾಲಿನಲ್ಲಿ ಕೂತಿದ್ದ ನೆಂಟರು ಕತ್ತು ಚಾಚಿ ನೋಡಿದರು. ನಾದಿನಿ ನನ್ನನ್ನು ಅಡುಗೆಮನೆಗೆ ಎಳೆದಳು.

“ಅತ್ತಿಗೆ, ಅಣ್ಣ ಪಿಂಡ ಇಟ್ಟ ಕೈ ಇನ್ನೂ ಆರಿಲ್ಲ. ಈ ಮನೇಲಿ ಅನ್ನದುಂಡೆ ತಿನ್ನೋದುಂಟಾ? ಗರಾಜಲ್ಲಿ ಇಡಿಸಿ. ಪಾಪ, ಅವಕ್ಕೇನು ಗೊತ್ತಾಗತ್ತೆ?”

ಅವಳು ಹೇಳಿದ್ದು ತಪ್ಪಲ್ಲ. ನನಗೂ ಅದನ್ನು ನೋಡಿದಾಗ ಪಿಂಡವೇ ನೆನಪಾಗಿತ್ತು. ಆದರೆ ಡಬ್ಬಿಯನ್ನು ಹೊರಗಿಟ್ಟರೆ ಆ ಮಕ್ಕಳೂ ಹೊರಗೆ ಹೋಗುತ್ತಿದ್ದರು. ಮಗಳು ಪ್ರತಿ ಶುಕ್ರವಾರ ಸಂಜೆ ಇವರ ಜೊತೆ ಏನು ಮಾಡುತ್ತಿದ್ದಳು, ಏನು ಮಾತಾಡುತ್ತಿದ್ದಳು ಎಂದು ಹೇಳುವವರು ನನಗೆ ಇವರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಹಾಲಿಗೆ ವಾಪಸು ಬಂದು ಆ ಹುಡುಗಿಯ ಪಕ್ಕದಲ್ಲಿ ಕೂತೆ. ಒಂದು ಉಂಡೆ ಎತ್ತಿಕೊಂಡು ಕಚ್ಚಿದೆ. ಒಳಗಿದ್ದದ್ದು ನಾನು ಹಾಕಿದ ಮಾವಿನ ಉಪ್ಪಿನಕಾಯಿ.

“ಜಪಾನಿನವರು ಇದರೊಳಗೆ ಹುಳಿಹಣ್ಣು ಇಡುತ್ತಾರೆ. ಅಮ್ಮನ ಉಪ್ಪಿನಕಾಯಿ ಮುಂದೆ ಅದು ಏನೂ ಅಲ್ಲ ಅಂತ ಸೆನ್‌ಪಾಯ್ ಒಂದು ಬಾಟಲಿ ತಂದುಕೊಟ್ಟು ನಮಗೆ ಹೀಗೆ ಕಲಿಸಿದರು” ಎಂದಳು ಇಂಗ್ಲಿಷಿನಲ್ಲಿ.

“ಸೆನ್‌ಪಾಯ್ ಅಂದರೆ?”

“ನಮಗಿಂತ ಮೊದಲೇ ಬಂದವರು. ಹೊಸಬರನ್ನು ನೋಡಿಕೊಳ್ಳುವವರು.”

ತಂಗಿ, ತಮ್ಮ ಇಲ್ಲದ ನನ್ನ ಮಗಳನ್ನು ಮನೆಯಲ್ಲಿ ಯಾರೂ ಅಕ್ಕ ಎಂದಿರಲಿಲ್ಲ. ಇವರು ನಾಲ್ವರೂ ತಮ್ಮ ರೀತಿಯಲ್ಲಿ ಹಾಗೇ ಕರೆಯುತ್ತಿದ್ದರು. ನಾದಿನಿ ಉಂಡೆ ಮುಟ್ಟಲಿಲ್ಲ. ಆದರೆ ಸ್ವಲ್ಪ ಹೊತ್ತಿನ ಮೇಲೆ ಬಂದು ಅವರ ಎಲೆಗೆ ಪಾಯಸ ಬಡಿಸಿದಳು.

ಈಗಲೂ ಅವರು ಆಗಾಗ ಬರುತ್ತಾರೆ. ನನ್ನ ಅಡುಗೆಯ ಬಗ್ಗೆ, ನನ್ನ ಕೋಪದ ಬಗ್ಗೆ, ಚಳಿಗಾಲದಲ್ಲಿ ನಾನು ಸೀರೆಯುಟ್ಟು ಬೂಟು ಹಾಕುವುದರ ಬಗ್ಗೆ ಮಗಳು ಏನೇನು ಹೇಳಿ ನಗಿಸುತ್ತಿದ್ದಳೆಂದು ಹೇಳುತ್ತಾರೆ. ಅಷ್ಟೆಲ್ಲ ಕೇಳಿದ್ದೇನೆ. ಅವಳ ದನಿಯಲ್ಲಿ ಕೇಳಿಲ್ಲ.